ಮೊದಲ ಎಂಟು ವಾರ ಕವಚ ಯಾಕಿಲ್ಲ: ಕುಮ್ದೋ (ಕೊರಿಯಾದ ಬಿದಿರು ಕತ್ತಿವರಸೆ) ಕಲಿಯುವ ಮಕ್ಕಳ ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ರಜೆಗೆ ಊರಿಗೆ ಹೋಗಿದ್ದ ಮಕ್ಕಳೆಲ್ಲ ಕೊರಿಯಾಕ್ಕೆ ಮರಳಿ ತರಗತಿಗೆ ಬರುತ್ತಿದ್ದಾರೆ, ಸಂತೋಷ. ಜೊತೆಗೆ ಒಂದು ದೂರೂ ಬಂದಿದೆ: "ಶುಲ್ಕ ಕಟ್ಟಿದ್ದು ಕತ್ತಿವರಸೆಗೆ, ನೀವು ಬರೀ ನಿಲ್ಲೋದು ಹೇಳಿಕೊಡ್ತೀರಿ." ಟೇಕ್ವಾಂಡೊ ಮಕ್ಕಳ ಬೆಲ್ಟಿನ ಬಣ್ಣ ಬದಲಾಗುವುದನ್ನು ನೋಡುವಾಗ ಹೀಗನ್ನಿಸುವುದು ಸಹಜ. ಆದರೂ ನಿಯಮ ಬದಲಾಗದು. ಮೊದಲ ಎಂಟು ವಾರ ಕವಚವಿಲ್ಲ, ಮುಂದಿನ ಕಾಲನ್ನು ನೆಲಕ್ಕೆ ಅಪ್ಪಳಿಸಿ ಕತ್ತಿಯಿಂದ ಹೊಡೆಯುವುದೂ ಇಲ್ಲ.

ಜುಂಗ್‌ದಾನ್, ಅಂದರೆ ಕತ್ತಿಯನ್ನು ನಡು ಎತ್ತರದಲ್ಲಿ ಮುಂದಕ್ಕೆ ಹಿಡಿದು ನಿಲ್ಲುವ ನಿಲುವು, ನೋಡಲು ಸುಲಭ. ಬಲಗಾಲು ಮುಂದೆ, ಅದರ ಹಿಮ್ಮಡಿಯ ಮಟ್ಟಕ್ಕೆ ಎಡಗಾಲ ಬೆರಳ ತುದಿ, ಎರಡು ಪಾದಗಳ ನಡುವೆ ಅಡ್ಡಕ್ಕೆ ಒಂದು ಮುಷ್ಟಿ ಅಂತರ. ಎರಡೂ ಪಾದ ನೆಟ್ಟಗೆ ಮುಂದಕ್ಕೆ. ಎಡ ಹಿಮ್ಮಡಿ ಮಾತ್ರ ತುಸು ಎತ್ತಿರಬೇಕು.

ಮಕ್ಕಳು ದಣಿದರೆ ಮೊದಲು ಕೆಡುವುದು ಆ ಎಡ ಪಾದವೇ; ಹೊರಕ್ಕೆ ತಿರುಗಿಬಿಡುತ್ತದೆ. ಮುನ್ನುಗ್ಗುವಾಗ ಇಡೀ ಮೈಯನ್ನು ತಳ್ಳುವುದು ಎಡಗಾಲು. ಪಾದ ಸೊಟ್ಟಗಿದ್ದರೆ ಆ ಬಲವೆಲ್ಲ ಮಂಡಿಯನ್ನೂ ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜುವನ್ನೂ (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಹುರಿ) ತಿರುಚುತ್ತದೆ. ಹಿಮ್ಮಡಿ ಊರಿಕೊಂಡೇ ಜಿಗಿದರೆ ಅದೇ ಹುರಿ ಥಟ್ಟನೆ ಜಗ್ಗುತ್ತದೆ. ಅದು ಹರಿಯುವುದು ಹೆಚ್ಚಾಗಿ ದೊಡ್ಡವರಿಗೆ, ಒಪ್ಪುತ್ತೇನೆ. ಆದರೆ ಪಾದ ತಿರುಗಿಸುವ ಚಾಳಿ ಅಂಟಿಕೊಳ್ಳುವುದು ಈ ವಯಸ್ಸಿನಲ್ಲಿ. ಮಕ್ಕಳಿಗೆ ಆಗುವುದು ಬಲ ಹಿಮ್ಮಡಿಯ ನೋವು: ಹೊಡೆಯುವಾಗ ಬೆರಳು ಮೇಲೆತ್ತಿ ಹಿಮ್ಮಡಿಯನ್ನೇ ಮೊದಲು ಮರದ ನೆಲಕ್ಕೆ ಕುಟ್ಟುತ್ತಾರೆ. ಇಡೀ ಅಂಗಾಲು ಒಟ್ಟಿಗೆ ಬೀಳಬೇಕು. ಅದಕ್ಕೂ ಮುಂಚೆ ಪಾದ ಎತ್ತದೆ ಜಾರಿಸಲು ಬರಬೇಕು. ಕವಚ ತಲೆ, ಮುಂಗೈ, ಪಕ್ಕೆ ಕಾಯುತ್ತದೆ. ಪಾದಕ್ಕೆ ಕವಚವೇ ಇಲ್ಲ.

ಬೇಗ ಕವಚ ಹಾಕಿಸಿ ಎನ್ನುವವರ ಮೇಲೆ ನನಗೆ ಬೇಸರವಿಲ್ಲ. ಮಗುವಿನ ಹುಮ್ಮಸ್ಸು ಇಳಿದೀತು ಎಂಬ ಆತಂಕ ನಮಗೂ ಇದೆ. ಅದಕ್ಕೇ ಕೊನೆಯ ಹತ್ತು ನಿಮಿಷ ಆಟವಾಡಿಸುತ್ತೇವೆ. ನಿಲುವು ಬೇಗ ಕೂತ ಮಗುವಿಗೂ ಎಂಟು ವಾರವೇ.

"ಮುಂದಕ್ಕೂ ಬರುತ್ತೆ" ಎಂದು ಕೆಲವರು ದೊಡ್ಡವರ 120 ಸೆಂ.ಮೀ. ಬಿದಿರು ಕತ್ತಿ ಕೊಡಿಸಿದ್ದೀರಿ. ಮಾಧ್ಯಮಿಕ ಶಾಲೆಯವರಿಗೆ 114 ದಾಟಬಾರದು. ಉದ್ದ ಹೆಚ್ಚಾದರೆ ತುದಿ ಕೆಳಗೆ ಜಗ್ಗುತ್ತದೆ, ಮಗು ಬಲಗೈ ಬಿಗಿಹಿಡಿಯುತ್ತದೆ, ಮೊಣಕೈ ನೋಯುತ್ತದೆ. ಅದನ್ನು ಸದ್ಯಕ್ಕೆ ಮನೆಯಲ್ಲೇ ಇಡಿ, ನಮ್ಮಲ್ಲಿ ಅಳತೆಯದ್ದು ಇದೆ.

ನಿಮ್ಮಿಂದ ಬೇಕಿರುವುದು ಇಷ್ಟೇ: ಕಾಲುಗುರು ಕತ್ತರಿಸಿ ಕಳಿಸಿ, ಹಿಮ್ಮಡಿ ನೋವೆಂದರೆ ಅದೇ ದಿನ ತಿಳಿಸಿ.

ಇಂತಿ,
ಮುಖ್ಯ ಶಿಕ್ಷಕರು