ಮುತ್ತಜ್ಜಿಯ ಬಳೆಯೂ ಸಿಗದ ಜುಲೈ ಪತ್ರಿಕೆಯೂ

ಮಾನ್ಯ ಸಂಪಾದಕರೇ,

ಬೆಂಗಳೂರಿಗೆ ಬಂದಿದ್ದ ಗಾಂಧೀಜಿಗೆ ನಮ್ಮ ಮುತ್ತಜ್ಜಿ ಕೈಯ ಚಿನ್ನದ ಬಳೆ ಬಿಚ್ಚಿಕೊಟ್ಟರಂತೆ. ಇಸವಿ 1930 ಎಂಬುದು ದೊಡ್ಡಪ್ಪನ ಖಚಿತ ಮಾತು. ಆದರೆ ಆ ವರ್ಷ ಮಾರ್ಚ್‌ನಲ್ಲಿ ದಂಡಿಗೆ ಹೊರಟ ಗಾಂಧೀಜಿ ಮೇ ತಿಂಗಳಲ್ಲಿ ಯರವಡಾ ಜೈಲು ಸೇರಿದ್ದರು. ಹಾಗಾದರೆ ಕಥೆಯೇ ಸುಳ್ಳೇ ಎಂದು ಮನೆಮಂದಿಯೆಲ್ಲ ಪೆಚ್ಚಾದೆವು.

ಅಟ್ಟದ ಟ್ರಂಕಿನಲ್ಲಿ ಮುತ್ತಜ್ಜಿಯ ಲಗ್ನಪತ್ರಿಕೆ ಸಿಕ್ಕಿತು: ಪ್ರಭವ ಸಂವತ್ಸರ, ವೈಶಾಖ ಮಾಸ. ಅಂದರೆ 1927. ಆ ಬೇಸಿಗೆ ನಂದಿಬೆಟ್ಟದಲ್ಲಿ ಸುಧಾರಿಸಿಕೊಂಡ ಗಾಂಧೀಜಿ, ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಿನ ಕುಮಾರಪಾರ್ಕ್‌ನಲ್ಲಿ ತಂಗಿದ್ದರು. 'ಮೊದಲ ಆಷಾಢಕ್ಕೆ ತವರಿಗೆ ಬಂದಾಗ ಕೊಟ್ಟೆ' ಎನ್ನುತ್ತಿದ್ದರಂತೆ ಮುತ್ತಜ್ಜಿ. ಲೆಕ್ಕ ಜುಲೈಗೆ ಕೂಡುತ್ತದೆ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ, ಅದು ಬೇರೆ ಮಾತು.

ಪತ್ರಿಕೆಯಲ್ಲಿ ಏನಾದರೂ ಸುದ್ದಿ ಬಂದಿತ್ತೇ ಎಂದು ನಗರದ ಗ್ರಂಥಾಲಯವೊಂದಕ್ಕೆ ಹೋದೆ. ಹಳೆಯ ಬೈಂಡುಗಳನ್ನು ಹುರಿಯಿಂದ ಕಟ್ಟಿ ಕಪಾಟಿನ ಮೇಲೆ ಒಟ್ಟಿದ್ದರು. ಬಿಚ್ಚಿದರೆ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಜೂನ್ ಇದೆ, ಆಗಸ್ಟ್ ಇದೆ, ಜುಲೈ ಇಲ್ಲ. ಇಲ್ಲವೆಂದು ತಿಳಿಯಲು ಮೂರು ದಿನ ಹಿಡಿಯಿತು, ಏಕೆಂದರೆ ಏನೇನು ಇದೆ ಎಂಬ ಪಟ್ಟಿಯೇ ಅಲ್ಲಿಲ್ಲ. ಸಿಬ್ಬಂದಿಯನ್ನು ದೂರಲಾರೆ, ಆ ದೂಳಿನಲ್ಲಿ ಪಾಪ, ನನ್ನ ಜೊತೆ ಅವರೂ ಕೆಮ್ಮಿದರು.

ಎಲ್ಲವನ್ನೂ ಸ್ಕ್ಯಾನ್ ಮಾಡಲು ಹಣ, ಕಾಲ ಎರಡೂ ಬೇಕು, ನಿಜ. ಅಷ್ಟರೊಳಗೆ ಯಾವ ಗ್ರಂಥಾಲಯದಲ್ಲಿ ಯಾವ ಪತ್ರಿಕೆಯ ಯಾವ ತಿಂಗಳು ಉಳಿದಿದೆ ಎಂಬ ಪಟ್ಟಿಯನ್ನಾದರೂ ಸಂಬಂಧಪಟ್ಟವರು ಪ್ರಕಟಿಸಲಿ. ಓದುಗರ ಅಟ್ಟದಲ್ಲಿ 1927ರ ಜುಲೈ ಪತ್ರಿಕೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

– ಓದುಗ, ಬಸವನಗುಡಿ, ಬೆಂಗಳೂರು