‘ಕನಾರ್ಟಕ’ ಆಗುವ ಮೊದಲು ಒಮ್ಮೆ ಫೈಲ್ ನೋಡಿ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವ ಹತ್ತಿರ ಬಂತು. ನಮ್ಮ ಗದಗಿನ ಪ್ರೆಸ್ಸುಗಳಲ್ಲಿ ಇನ್ನು ರಾತ್ರಿ ದೀಪ ಆರುವುದಿಲ್ಲ. ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಆಮಂತ್ರಣ, ಕರಪತ್ರ, ಅದರ ಬೆನ್ನಿಗೇ ಲಗ್ನಪತ್ರಿಕೆ. ಮುದ್ರಣ ಕಾಶಿ ಅಂತ ಕರೆಸಿಕೊಂಡ ಊರು ಇದು. ಇಲ್ಲಿಯ ಒಂದು ಪ್ರೆಸ್ಸಿನಲ್ಲಿ ನಾನು 22 ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ಮಾಡುತ್ತಿದ್ದೇನೆ, ಪೇಜ್‌ಮೇಕರ್ ಅನ್ನುವ ಹಳೆ ತಂತ್ರಾಂಶದ ಕಾಲದಿಂದಲೂ. ಪ್ರತಿ ವರ್ಷ ಇದೇ ಹೊತ್ತಿಗೆ ಮನಸ್ಸಿಗೆ ನೋವು ಕೊಡುವ ಒಂದು ವಿಷಯ ಇದೆ, ಅದನ್ನು ನಿಮ್ಮ ಓದುಗರ ಮುಂದೆ ಇಡುತ್ತೇನೆ.

ರಸ್ತೆ ಬದಿಯ ಬೋರ್ಡಿನಲ್ಲೋ ಆಮಂತ್ರಣ ಪತ್ರಿಕೆಯಲ್ಲೋ ‘ಕನಾರ್ಟಕ’ ಅಂತ ಇರುವುದನ್ನು ನೀವೂ ನೋಡಿರುತ್ತೀರಿ. ಪ್ರೆಸ್ಸಿನವರಿಗೆ ಕನ್ನಡ ಬರಲ್ಲ ಅಂತ ಬೈದು ಜನ ಮುಂದೆ ಹೋಗುತ್ತಾರೆ. ಬರೆದವರಿಗೂ ಕನ್ನಡ ಬರುತ್ತದೆ, ಅಚ್ಚು ಹಾಕಿದವರಿಗೂ ಬರುತ್ತದೆ. ಎಷ್ಟೋ ಸಲ ತಪ್ಪಾಗಿರುವುದು ಇಬ್ಬರ ನಡುವೆ ಓಡಾಡಿದ ಫೈಲಿನಲ್ಲಿ.

ಹೇಗೆ ಅಂತ ಹೇಳುತ್ತೇನೆ. ಕನ್ನಡ ಟೈಪ್ ಮಾಡುವ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆ ಫಾಂಟುಗಳಲ್ಲಿ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಅದಕ್ಕೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿ ಫೈಲ್ ತೆರೆದರೆ ‘ಕನ್ನಡ’ ಅನ್ನುವ ಪದ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಎಳೆದ ಎ, ಪೌಂಡ್ ಗುರುತು ಅಂತೆಲ್ಲ ಕಾಣುತ್ತದೆ. ಆ ಫಾಂಟುಗಳಲ್ಲಿ ಅರ್ಕಾವೊತ್ತು, ಅಂದರೆ ‘ರ್’ ಗುರುತು, ಕಣ್ಣಿಗೆ ಕಾಣುವ ಹಾಗೆಯೇ ಅಕ್ಷರ ಆದ ಮೇಲೆ ಬರುತ್ತದೆ. ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರು, ಮೊಬೈಲುಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ, ಅದರಲ್ಲಿ ನಾವು ಉಚ್ಚರಿಸುವ ಹಾಗೆ ‘ರ್’ ಮೊದಲು, ಅಕ್ಷರ ಆಮೇಲೆ. ಹಳೆಯದನ್ನು ಯೂನಿಕೋಡಿಗೆ ಬದಲಾಯಿಸುವಾಗ ಒಳ್ಳೆಯ ಕನ್ವರ್ಟರ್ ಆದರೆ ಆ ‘ರ್’ ಅನ್ನು ಎತ್ತಿ ಮುಂದಕ್ಕೆ ತರುತ್ತದೆ. ಕೆಟ್ಟದ್ದಾದರೆ ಇದ್ದಲ್ಲೇ ಬಿಡುತ್ತದೆ. ಆಗ ಕರ್ನಾಟಕ ‘ಕನಾರ್ಟಕ’ ಆಗುತ್ತದೆ, ವರ್ಷ ‘ವಷರ್’ ಆಗುತ್ತದೆ, ಕಾರ್ಯಕ್ರಮ ‘ಕಾಯರ್ಕ್ರಮ’ ಆಗುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬರು ನಿವೃತ್ತ ಮೇಷ್ಟ್ರು ನಮ್ಮಲ್ಲಿಗೆ ಬಂದಿದ್ದರು. ತೀರಿಕೊಂಡ ಹೆಂಡತಿಯ ಬಗ್ಗೆ 112 ಪುಟದ ಪುಸ್ತಕ, 300 ಪ್ರತಿ. ನುಡಿಯಲ್ಲಿ ತಾವೇ ಕೂತು ಟೈಪ್ ಮಾಡಿದ್ದರು. ಯಾರೋ ಹೇಳಿದರು ಅಂತ ಒಂದು ಜೆರಾಕ್ಸ್ ಅಂಗಡಿಯಲ್ಲಿ ಯೂನಿಕೋಡಿಗೆ ಬದಲಾಯಿಸಿಕೊಂಡು ಪೆನ್ ಡ್ರೈವ್ ತಂದುಕೊಟ್ಟರು. ಪುಟ ಕಟ್ಟಿದೆ, ಪ್ರೂಫ್ ಕೊಟ್ಟೆ. ಅವರು ಒಳಗಿನ ಪುಟಗಳನ್ನೆಲ್ಲ ಕೆಂಪು ಪೆನ್ನು ಹಿಡಿದು ತಿದ್ದಿದರು. ಅರ್ಪಣೆಯ ಪುಟದಲ್ಲಿ ಇದ್ದದ್ದು ಎರಡೇ ಸಾಲು, ಅದನ್ನು ಯಾರೂ ಓದಲಿಲ್ಲ. ನಾನೂ ಓದಲಿಲ್ಲ, ಆ ತಪ್ಪು ನನ್ನದೂ ಹೌದು. ಬೈಂಡಿಂಗ್ ಆದ ಮೇಲೆ ಮೇಷ್ಟ್ರು ಮೊದಲ ಪ್ರತಿ ತೆರೆದರು. ಅಲ್ಲಿ ‘ಪಾರ್ವತಿಗೆ’ ಅಂತ ಇರಬೇಕಾದ ಕಡೆ ‘ಪಾವರ್ತಿಗೆ’ ಅಂತ ಇತ್ತು. ಅವರು ಒಂದು ಮಾತೂ ಆಡಲಿಲ್ಲ. ಆ ಅಕ್ಷರಗಳ ಮೇಲೆ ಬೆರಳು ಇಟ್ಟುಕೊಂಡು ಸುಮಾರು ಹೊತ್ತು ಹಾಗೇ ಕೂತಿದ್ದರು. ಆ ಹಾಳೆಯನ್ನು ಕಿತ್ತು, ಹೊಸದು ಅಚ್ಚು ಹಾಕಿ, 300 ಪ್ರತಿಗೂ ಅಂಟಿಸಿಕೊಟ್ಟೆವು. ಆದರೂ ಅವರ ಆ ಮುಖ ನನಗೆ ಮರೆಯಲು ಆಗಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಈಗ ಹೊಸದಾಗಿ ಟೈಪ್ ಮಾಡುವವರು ಯೂನಿಕೋಡಿನಲ್ಲೇ ಮಾಡಿ. ನುಡಿಯ ಹೊಸ ಆವೃತ್ತಿಗಳಲ್ಲೂ ಅದು ಇದೆ, ಮೊಬೈಲಿನಲ್ಲಿ ಬರೆಯುವುದೂ ಅದರಲ್ಲೇ. ಹಳೆ ಫೈಲ್ ಇದ್ದರೆ ನೀವೇ ಬದಲಾಯಿಸಲು ಹೋಗಬೇಡಿ, ಇದ್ದ ಹಾಗೇ ತನ್ನಿ, ಯಾವ ಫಾಂಟು ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ, ಆ ಫಾಂಟನ್ನೂ ಜೊತೆಗೆ ಹಾಕಿ. ಬದಲಾಯಿಸಿಯೇ ಆಗಿದ್ದರೆ ‘ರ್’ ಅಂತ ಹುಡುಕಿ ಒಂದೊಂದನ್ನೂ ನೋಡಿ. ಬೇಸರದ ಕೆಲಸವೇ, ಆದರೆ ಒಂದು ಸ್ಮರಣ ಸಂಚಿಕೆಗೆ ಒಂದು ಸಂಜೆ ಸಾಕು.

ನೀವೇ ಪುಟ ಕಟ್ಟಿಕೊಂಡು ಬರುವುದಾದರೆ ಪಿಡಿಎಫ್ ಕೊಡಿ. ಬರೀ ವರ್ಡ್ ಫೈಲ್ ತಂದರೆ ನಿಮ್ಮ ಮನೆಯಲ್ಲಿ 96 ಪುಟ ಇದ್ದದ್ದು ನಮ್ಮಲ್ಲಿ 101 ಆಗಬಹುದು. ಪಿಡಿಎಫ್ ತೆರೆದು ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಅನ್ನುವ ಕಡೆ ನೋಡಿ, ಪ್ರತಿ ಫಾಂಟಿನ ಮುಂದೆ ‘ಎಂಬೆಡೆಡ್’ (ಫಾಂಟು ಫೈಲಿನೊಳಗೇ ಸೇರಿದೆ) ಅಂತ ಇರಬೇಕು. ಪುಟ ಕಟ್ಟುವ ಇಂಡಿಸೈನ್ ತಂತ್ರಾಂಶ ಬಳಸುವ ಹುಡುಗರು ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡದಿದ್ದರೆ ಒತ್ತಕ್ಷರ ಒಡೆಯುತ್ತದೆ, ಅಕ್ಕ ಹೋಗಿ ‘ಅಕ್‌ಕ’ ಆಗುತ್ತದೆ. ಪಿಡಿಎಫ್ ಜೊತೆಗೆ ಮೂಲ ಫೈಲನ್ನೂ ಇಟ್ಟುಕೊಂಡು ಬನ್ನಿ, ಕೊನೆ ಗಳಿಗೆಯಲ್ಲಿ ಒಂದು ಹೆಸರು ತಿದ್ದಬೇಕಾದರೆ ಪಿಡಿಎಫ್‌ನಲ್ಲಿ ಆಗಲ್ಲ.

ಇನ್ನು ಕಪ್ಪು ಅಕ್ಷರ. ಇದರ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಕನ್ನಡಕ್ಕೆ ಇದು ತುಂಬಾ ಮುಖ್ಯ. ಪರದೆಯ ಮೇಲಿನ ಕಪ್ಪು ಹಾಗೇ ಬಂದರೆ ಮಷಿನ್ನಿನಲ್ಲಿ ಅದು ನೀಲಿ, ಕೆಂಪು, ಹಳದಿ, ಕಪ್ಪು ನಾಲ್ಕೂ ಸೇರಿದ ಕಪ್ಪು ಆಗಿಬಿಡುತ್ತದೆ. ಒಂದೊಂದು ಬಣ್ಣಕ್ಕೂ ಒಂದು ಅಚ್ಚಿನ ಪ್ಲೇಟು, ಆ ನಾಲ್ಕರಲ್ಲಿ ಒಂದು ಕೂದಲೆಳೆಯಷ್ಟು ಜರುಗಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ. ಕೆಳಗಿನ ಒತ್ತು ಎಷ್ಟು ಸಣ್ಣದು ಗೊತ್ತಲ್ಲ, 10 ಪಾಯಿಂಟ್ ಗಾತ್ರದಲ್ಲಿ ಅದು ಕಲೆಯ ಹಾಗೆ ಕಾಣುತ್ತದೆ. ಅಕ್ಷರಕ್ಕೆ ಬರೀ ಕಪ್ಪು ಶಾಯಿ ಮಾತ್ರ ಶೇಕಡಾ 100 ಇರಲಿ, ಉಳಿದ ಮೂರೂ ಸೊನ್ನೆ.

ಫೋಟೊ ವಿಷಯ ಎಲ್ಲರಿಗೂ ಗೊತ್ತಿದ್ದೂ ತಪ್ಪುತ್ತದೆ. ಅಚ್ಚಿಗೆ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು. 900 ಪಿಕ್ಸೆಲ್ ಅಗಲದ ಫೋಟೊ 3 ಇಂಚಿಗೆ ಚೆನ್ನಾಗಿ ಬರುತ್ತದೆ, ಅದನ್ನೇ ಪುಟದ ತುಂಬ ಹಾಕಿ ಅಂದರೆ ಮುಖ ಮಸುಕಾಗುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಸಣ್ಣದಾಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ದಾನಿಗಳ, ಹಿರಿಯರ ಹಳೆ ಫೋಟೊ ಗೋಡೆಯ ಮೇಲಿದ್ದರೆ ಗಾಜಿನ ಮೇಲಿಂದ ಮೊಬೈಲಿನಲ್ಲಿ ಹೊಡೆಯಬೇಡಿ, ಕಟ್ಟು ಬಿಚ್ಚಿ ಸ್ಕ್ಯಾನ್ ಮಾಡಿಸಿ. ಬಣ್ಣವೂ ಅಷ್ಟೇ, ಮೊಬೈಲಿನಲ್ಲಿ ಹೊಳೆಯುವ ಗಿಳಿಹಸಿರು ಶಾಯಿಯಲ್ಲಿ ಸಿಗುವುದಿಲ್ಲ. ನಮ್ಮ ಬಾವುಟದ ಹಳದಿ, ಕೆಂಪು ಮಾತ್ರ ಚೆನ್ನಾಗಿಯೇ ಬರುತ್ತವೆ.

ಪುಟದ ಅಂಚಿನವರೆಗೆ ಬಣ್ಣ ಬೇಕಾದರೆ ನಾಲ್ಕೂ ಕಡೆ 3 ಮಿಲಿಮೀಟರ್ ಜಾಸ್ತಿ ಬಿಡಿ, ಕಟಿಂಗ್‌ನಲ್ಲಿ ಅದು ಹೋಗುತ್ತದೆ. ಅಕ್ಷರವನ್ನು ಅಂಚಿನಿಂದ ಅರ್ಧ ಸೆಂಟಿಮೀಟರಾದರೂ ಒಳಗೆ ಇಡಿ. ಪುಟಗಳ ಲೆಕ್ಕ 16ರ ಫಾರ್ಮಿಗೆ (ಒಂದೇ ಹಾಳೆಯಲ್ಲಿ ಅಚ್ಚಾಗುವ 16 ಪುಟಗಳಿಗೆ) ಕೂಡುವ ಹಾಗಿದ್ದರೆ ಕಾಗದ ದಂಡ ಆಗುವುದಿಲ್ಲ. ಒಳಪುಟ ಮುಗಿಯದೆ ರಕ್ಷಾಪುಟ ಮಾಡಿಸಬೇಡಿ, ಪುಸ್ತಕದ ಬೆನ್ನಿನ ದಪ್ಪ ಪುಟ ಮತ್ತು ಕಾಗದದ ಮೇಲೆ ನಿಂತಿದೆ.

ಸಂಘ ಸಂಸ್ಥೆಗಳಿಗೆ ಇನ್ನೊಂದು ಮಾತು. ಅಧ್ಯಕ್ಷರು ಒಂದು ತಿದ್ದುಪಡಿ ಫೋನಿನಲ್ಲಿ, ಕಾರ್ಯದರ್ಶಿ ಇನ್ನೊಂದು ವಾಟ್ಸಾಪ್‌ನಲ್ಲಿ, ಮತ್ತೊಬ್ಬರು ಪ್ರೆಸ್ಸಿಗೇ ಬಂದು ಮೂರನೆಯದು ಹೇಳಿದರೆ ಯಾವುದು ಕೊನೆಯದು ಅಂತ ನಮಗೆ ಗೊತ್ತಾಗುವುದು ಹೇಗೆ? ಒಬ್ಬರನ್ನೇ ನೇಮಿಸಿ. ಅವರು ಪ್ರೂಫನ್ನು ಕಾಗದದ ಮೇಲೆ ತೆಗೆಸಿಕೊಂಡು, ಗಟ್ಟಿಯಾಗಿ ಓದಿ, ಹೆಸರುಗಳ ಕೆಳಗೆ ಬೆರಳಿಟ್ಟು ನೋಡಲಿ. ಮೊಬೈಲಿನಲ್ಲಿ ನೋಡಿ ಓಕೆ ಅನ್ನುವುದು ಬೇಡ. ಪ್ಲೇಟ್ ಆದ ಮೇಲೆ ಒಂದು ಅಕ್ಷರ ಬದಲಾಗಬೇಕಾದರೂ ಹೊಸ ಪ್ಲೇಟೇ ಬೇಕು.

ಮೇಷ್ಟ್ರ ಪುಸ್ತಕ ಆದ ಮೇಲೆ ನಮ್ಮಲ್ಲಿ ಅರ್ಪಣೆ ಮತ್ತು ಹೆಸರುಗಳಿರುವ ಪುಟಗಳನ್ನು ತಂದವರೇ ಓದಿ ಸಹಿ ಹಾಕದೆ ಪ್ಲೇಟಿಗೆ ಕಳಿಸುವುದಿಲ್ಲ. ಅದಕ್ಕೆ ಎರಡು ದಿನ ಬೇಕು. ರಾಜ್ಯೋತ್ಸವದ ಕೆಲಸ ಇರುವವರು ಆ ಎರಡು ದಿನ ಹಿಡಿದುಕೊಂಡೇ ಬನ್ನಿ, ದಯವಿಟ್ಟು ಅಕ್ಟೋಬರ್ 30ರ ಸಂಜೆ ಪೆನ್ ಡ್ರೈವ್ ಹಿಡಿದು ಬರಬೇಡಿ.

– ಒಬ್ಬ ಡಿಟಿಪಿ ಆಪರೇಟರ್, ಗದಗ