ಮಂಗಳೂರು ಕಡೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗಲೇ ಇಲ್ಲ. ಹಾಸ್ಟೆಲಿನಲ್ಲಿ ಡಿಗ್ರಿ ಎಲ್ಲಿ ಮಾಡಿದ್ದು ಅಂತ ಕೇಳಿದರೆ "ಮಂಗಳೂರು ಕಡೆ" ಅಂತೀಯಂತೆ. ಮಂಜೇಶ್ವರ ಮಂಗಳೂರು ಕಡೆಯೇ, ಸುಳ್ಳೇನಲ್ಲ ಬಿಡು. ಆದರೆ ಮೂರು ವರ್ಷ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋದ ಆ ಕಾಲೇಜಿಗೂ ಒಂದು ಹೆಸರಿದೆ ಅಲ್ವಾ ಮಾರಾಯ್ತಿ?

ಬೈಯಲು ಬರೆಯುತ್ತಿಲ್ಲ. ನಾನೇನು ಕಡಿಮೆಯಾ? ನಿನಗೆ ಡೆಲ್ಲಿಯಲ್ಲಿ ಸೀಟು ಸಿಕ್ಕಿದ ವಾರ ನೆರೆಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು, ಪಾಯಸ ಬರುವುದರೊಳಗೆ ಮೂರು ಜನಕ್ಕೆ ಯೂನಿವರ್ಸಿಟಿಯ ಹೆಸರು ಹೇಳಿ ಆಗಿತ್ತು. ಅಲ್ಲಿ ನೀನು ಎಂತ ಕಲಿಯುತ್ತೀ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಸರೇ ಸಾಕಾಯಿತು. ನಿನ್ನನ್ನು ಕೇಳುವವರದ್ದೂ ಅದೇ ಕಥೆ ಇರಬೇಕು. ಕಾಲೇಜು ಯಾವುದು ಅಂತ ಗೊತ್ತಾದರೆ ಮತ್ತೆ ನಿನ್ನ ಜೊತೆ ಹತ್ತು ನಿಮಿಷ ಮಾತಾಡಿ ನೋಡುವ ಕಷ್ಟ ಇಲ್ಲ.

ನಿನ್ನ ಕಾಲೇಜಿಗೆ ಇಟ್ಟದ್ದು ಗೋವಿಂದ ಪೈಗಳ ಹೆಸರು. ಮದ್ರಾಸಿನಲ್ಲಿ ಬಿ.ಎ. ಪರೀಕ್ಷೆ ನಡೆಯುತ್ತಿದ್ದಾಗ ಅಪ್ಪನಿಗೆ ಹುಷಾರಿಲ್ಲ ಅಂತ ಅರ್ಧಕ್ಕೇ ಬಿಟ್ಟು ಊರಿಗೆ ಬಂದವರು. ಬರೆದ ಇಂಗ್ಲಿಷಿಗೆ ಚಿನ್ನದ ಪದಕ ಬಂತು, ಡಿಗ್ರಿ ಬರಲಿಲ್ಲ. ಆಮೇಲೆ ಮಂಜೇಶ್ವರದಲ್ಲೇ ಕೂತು ಒಂದೊಂದೇ ಭಾಷೆ ಕಲಿತು, ಶಾಸನ ಓದಿ, ಬರೆದು, 1949ರಲ್ಲಿ ಮದ್ರಾಸ್ ಸರ್ಕಾರದಿಂದ ರಾಷ್ಟ್ರಕವಿ ಅನ್ನಿಸಿಕೊಂಡರು. ಡಿಗ್ರಿ ಇಲ್ಲದವರ ಹೆಸರಲ್ಲಿ ಈಗ ನಮ್ಮ ಮಕ್ಕಳಿಗೆ ಡಿಗ್ರಿ!

ಹಾಗಂತ ಓದು ಬಿಟ್ಟು ಬಾ ಅನ್ನುತ್ತಿಲ್ಲ. ಅವರು ಅನುಕೂಲಸ್ಥರ ಮನೆಯವರು, ನಡೆಯಿತು. ನಮ್ಮಂಥವರು ಆ ಕಾಗದ ಇಲ್ಲದಿದ್ದರೆ ಒಂದು ಒಳ್ಳೆ ಸರ್ಕಾರಿ ಕೆಲಸಕ್ಕೆ ಪಿಎಸ್‌ಸಿ ಅರ್ಜಿ ಕೂಡ ಹಾಕುವ ಹಾಗಿಲ್ಲ.

ಇನ್ನೊಂದು ವಿಷಯ. ಅಣ್ಣನ ಮದುವೆ ಕಾಗದದ ಪ್ರೂಫ್ ಬಂತು. ಹುಡುಗಿಯ ಹೆಸರಿನ ಮುಂದೆ ಎಂ.ಟೆಕ್., ಇವನದ್ದು ಖಾಲಿ. ಐಟಿಐ ಅಂತ ಹಾಕಿಸುವ ಅಂದರೆ ಅಮ್ಮ "ಅದನ್ನು ಯಾರಾದರೂ ಹಾಕ್ತಾರಾ" ಅಂತಾಳೆ. ಕಳೆದ ಬೇಸಿಗೆಯಲ್ಲಿ ಪಂಪು ಸುಟ್ಟಾಗ ರಾತ್ರಿ 11ರವರೆಗೆ ಕೂತು ಮೋಟಾರಿಗೆ ತಾಮ್ರದ ತಂತಿ ಸುತ್ತಿ, ಬೆಳಗ್ಗೆ ಅಡಿಕೆ ತೋಟಕ್ಕೆ ನೀರು ಬಿಟ್ಟದ್ದು ಅದೇ ಐಟಿಐ. ಅವಳ ಕಣ್ಣೆದುರಿಗೇ. ಹುಡುಗಿ ಮಾತ್ರ ಇಬ್ಬರದ್ದೂ ತೆಗೆದುಬಿಡಿ ಅಂದಳಂತೆ. ಅವಳು ಕಷ್ಟಪಟ್ಟು ಓದಿದ್ದು, ತೆಗೆಯಲು ನನಗೆ ಮನಸ್ಸಿಲ್ಲ. ಎರಡೂ ಇರಲಿ ಅಂತ ನನಗೆ. ನೀನೆಂತ ಹೇಳುತ್ತೀ? ಬುಧವಾರ ಪ್ರೆಸ್ಸಿಗೆ ತಿಳಿಸಬೇಕು. ಅದರೊಳಗೆ ಅಮ್ಮನಿಗೊಂದು ಫೋನು ಮಾಡು.

ನಿನ್ನ,
ಅಪ್ಪ